ಕಾಲೇಜಿನ ಹೆಬ್ಬಾಗಿಲಲ್ಲಿ ನಿಂತ ಕುಟುಂಬ

ದ್ವಿತೀಯ ಪಿಯುಸಿ ಪರೀಕ್ಷೆಯ ಫಲಿತಾಂಶ ಹೊರಬಿದ್ದ ನಂತರದ ವಾರಗಳಲ್ಲಿ ದಾವಣಗೆರೆಯ ರಸ್ತೆಗಳಲ್ಲಿ ಒಂದು ದೃಶ್ಯ ಪ್ರತಿವರ್ಷವೂ ತಪ್ಪದೆ ಕಾಣಸಿಗುತ್ತದೆ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ತುಂಬಿದ ಕಡತವೊಂದನ್ನು ಎದೆಗವಚಿಕೊಂಡ ತಂದೆ, ಬುತ್ತಿಯ ಚೀಲ ಹಿಡಿದ ತಾಯಿ, ಅವರಿಂದ ಎರಡು ಹೆಜ್ಜೆ ಹಿಂದೆ ಮಗ ಅಥವಾ ಮಗಳು. ಹರಿಹರದಿಂದ, ಭಾನುವಳ್ಳಿಯಿಂದ, ಮಲೆಬೆನ್ನೂರಿನಿಂದ ಬೆಳಗಿನ ಬಸ್ಸು ಹಿಡಿದು ಬರುವ ಇಂತಹ ಕುಟುಂಬಗಳು ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ ಅಲೆದು, ಸಂಜೆಯ ಹೊತ್ತಿಗೆ ಕೈತುಂಬ ಬಣ್ಣದ ಮಾಹಿತಿ ಪುಸ್ತಿಕೆಗಳನ್ನು ಹೊತ್ತು ಮನೆಗೆ ಮರಳುತ್ತವೆ. ಕೆಲವರು ಮಂಗಳೂರು, ಬೆಂಗಳೂರು, ಮೈಸೂರುಗಳವರೆಗೂ ಹೋಗಿ ಬರುತ್ತಾರೆ. ನಮ್ಮ ಸಮುದಾಯದ ಕುಟುಂಬಗಳೂ ಈ ಮಾತಿಗೆ ಹೊರತಲ್ಲ. ಈ ಪ್ರಯಾಣದಲ್ಲಿ ನಾವು ಏನನ್ನು ನೋಡುತ್ತೇವೆ, ಏನನ್ನು ನೋಡದೆ ಬರುತ್ತೇವೆ ಎಂಬುದನ್ನು ಈ ವಾರ ಒಂದಿಷ್ಟು ಚಿಂತಿಸೋಣ.

ಭಾನುವಳ್ಳಿಯ ಕಡೆಯ ಕುಟುಂಬವೊಂದು ಭಾನುವಾರದ ದಿವ್ಯ ಬಲಿಪೂಜೆಯ ನಂತರ ಗುರುಮನೆಗೆ ಬಂದಿತ್ತು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಭದ್ರಾ ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ಮನೆತನ ಅದು. ಮಗಳು ದ್ವಿತೀಯ ಪಿಯುಸಿಯನ್ನು ವಿಜ್ಞಾನ ವಿಷಯದಲ್ಲಿ ಒಳ್ಳೆಯ ಅಂಕಗಳೊಂದಿಗೆ ಮುಗಿಸಿದ್ದಳು; ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವವನಿದ್ದ. ಎರಡು ದಿನಗಳಲ್ಲಿ ಮೂರು ಕಾಲೇಜುಗಳನ್ನು ನಾಲ್ವರೂ ಒಟ್ಟಿಗೆ ನೋಡಿಕೊಂಡು ಬಂದಿದ್ದರು. ಮಾತು ತೆಗೆದಾಗ ತಂದೆ ಶುಲ್ಕದ ಲೆಕ್ಕ ಹೇಳಿದರು. ತಾಯಿ ಹಾಸ್ಟೆಲ್ಲಿನ ಊಟವನ್ನೂ ಊರಿನಿಂದ ಇರುವ ದೂರವನ್ನೂ ಹೇಳಿದರು. ಹುಡುಗ ಆಟದ ಮೈದಾನವನ್ನು ವರ್ಣಿಸಿದ. ಓದಬೇಕಾಗಿದ್ದ ಹುಡುಗಿ ಮಾತ್ರ ಸುಮ್ಮನೆ ಕುಳಿತಿದ್ದಳು.

“ಒಂದೆಕರೆ ಅಡ ಇಟ್ರೂ ಚಿಂತಿಲ್ಲ ಫಾದರ್, ಮಗಳು ಕಂಪ್ಯೂಟರ್ ಇಂಜಿನಿಯರ್ ಆಗ್ಲಿ. ನೀವೊಂದು ಪತ್ರ ಬರೆದುಕೊಡ್ರಿ ಸಾಕು” ಎಂದು ತಂದೆ ಕೇಳಿಕೊಂಡರು. ಹೆಣ್ಣುಮಗಳ ವಿದ್ಯೆಗಾಗಿ ಹೊಲವನ್ನೇ ಪಣಕ್ಕಿಡಲು ಸಿದ್ಧನಾದ ರೈತನ ಮಾತು ಅದು. ಅದರ ಮುಂದೆ ಯಾರಾದರೂ ತಲೆಬಾಗಬೇಕು. ನಾನು ಹುಡುಗಿಯ ಕಡೆಗೆ ತಿರುಗಿ, ಕಾಲೇಜುಗಳು ಹೇಗಿದ್ದವು ಎಂದು ವಿಚಾರಿಸಿದೆ. ಸ್ವಲ್ಪ ಹೊತ್ತು ತಡೆದು ಆಕೆ ಹೇಳಿದಳು: “ಎಲ್ಲಾ ಕಡೆ ಅಪ್ಪನ್ನೇ ಮಾತಾಡಿಸಿದ್ರು ಫಾದರ್. ನಿನಗೇನು ಓದ್ಬೇಕು ಅಂತ ನನ್ನನ್ನ ಯಾರೂ ಕೇಳ್ಲಿಲ್ಲ.”

ಕಾಲೇಜಿನ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಮನೆಯಲ್ಲಿಯೂ ಕೇಳಿರಲಿಲ್ಲ ಎಂಬುದು ತಂದೆತಾಯಿಯರ ಮುಖವನ್ನು ನೋಡಿದಾಗ ತಿಳಿಯಿತು. ಇದರಲ್ಲಿ ಕೆಟ್ಟ ಮನಸ್ಸಿನ ಲೇಶವೂ ಇರಲಿಲ್ಲ. ಪ್ರೀತಿ ಅತಿಯಾದಾಗ ಕೇಳುವುದು ಮರೆತುಹೋಗುವುದುಂಟು.

ಇಂದಿನ ತಂದೆತಾಯಂದಿರ ಈ ಅಲೆದಾಟವನ್ನು ಹಗುರವಾಗಿ ಕಾಣಬಾರದು. ಅದರ ಹಿಂದೆ ದೊಡ್ಡ ಬದಲಾವಣೆಯೊಂದು ಇದೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1951ರಲ್ಲಿ. ಇಂದು ನಾವು ಯುಬಿಡಿಟಿ ಎಂದು ಕರೆಯುವ ಸಂಸ್ಥೆ ಅದು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಬಂದವು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು, 2009ರಲ್ಲಿ ವಿಶ್ವವಿದ್ಯಾಲಯವನ್ನೂ ಪಡೆಯಿತು. ಹತ್ತಿಯ ಗಿರಣಿಗಳ ಊರು ವಿದ್ಯಾಕೇಂದ್ರವಾಗಿ ಬೆಳೆದ ಕಥೆ ಇದು. ನಾಡಿನ ಕಥೋಲಿಕ ವಿದ್ಯಾಸಂಸ್ಥೆಗಳ ಇತಿಹಾಸವಂತೂ ಇದಕ್ಕಿಂತ ಹಳೆಯದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಯೇಸುಸಭೆಯ ಗುರುಗಳು 1880ರಲ್ಲಿ ಆರಂಭಿಸಿದರು. ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿಯೂ ಮೈಸೂರಿನ ಸಂತ ಫಿಲೋಮಿನಾ ಕಾಲೇಜು 1946ರಲ್ಲಿಯೂ ಬೆಂಗಳೂರಿನ ಸಂತ ಯೊವಾನ್ನರ ವೈದ್ಯಕೀಯ ಕಾಲೇಜು 1963ರಲ್ಲಿಯೂ ಆರಂಭವಾದವು.

ಇಷ್ಟೆಲ್ಲ ಇದ್ದರೂ ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಯ ಕುಟುಂಬಕ್ಕೆ ಆಯ್ಕೆ ಎಂಬುದೇ ಇರಲಿಲ್ಲ. ಊರಿನ ಗುರುಗಳು ತಮಗೆ ಪರಿಚಯದ ಇನ್ನೊಬ್ಬ ಗುರುಗಳಿಗೆ ಕಾಗದ ಬರೆಯುತ್ತಿದ್ದರು, ಹುಡುಗ ತಗಡಿನ ಟ್ರಂಕು ಹೊತ್ತು ರೈಲು ಹತ್ತುತ್ತಿದ್ದ, ಅಲ್ಲಿಗೆ ಮುಗಿಯಿತು. ಇಂದು ಆಯ್ಕೆಗಳು ಹೆಚ್ಚಿವೆ. ಆಯ್ಕೆಗಳು ಹೆಚ್ಚಿದಷ್ಟೂ ಆರಿಸುವವನ ಹೊಣೆ ಭಾರವಾಗುತ್ತದೆ. ಆ ಹೊಣೆಯನ್ನು ಹೇಗೆ ಹೊರಬೇಕೆಂದು ಮಾತ್ರ ನಮಗೆ ಯಾರೂ ಕಲಿಸಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳದೆ ಮುಂದುವರಿಯುವುದು ನ್ಯಾಯವಲ್ಲ. ಹಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಬ್ಬ ತಂದೆ ಇದೇ ರೀತಿ ಶಿಫಾರಸು ಪತ್ರ ಕೇಳಿ ಬಂದಿದ್ದರು. ಅವರೂ ನಾನೂ ಕಾಫಿ ಕುಡಿಯುತ್ತ, ಹುಡುಗನಿಗೆ ಯಾವುದು ಒಳ್ಳೆಯದೆಂದು ಅರ್ಧ ಗಂಟೆ ಚರ್ಚಿಸಿದೆವು. ಹುಡುಗ ಹೊರಗೆ ಜಗಲಿಯ ಮೇಲೆ ಕುಳಿತಿದ್ದ. ನಾನು ಅವನನ್ನು ಒಳಗೆ ಕರೆಯಲಿಲ್ಲ. ಪತ್ರ ಬರೆದುಕೊಟ್ಟೆ, ಸೀಟೂ ಸಿಕ್ಕಿತು. ಒಂದು ವರ್ಷ ಮುಗಿಯುವುದರೊಳಗೆ ಅವನು ಓದು ಬಿಟ್ಟು ಮನೆಗೆ ಮರಳಿದ. ಕಟ್ಟಿದ ಹಣ ಹೋಯಿತು, ಮನೆಯಲ್ಲಿ ಮಾತು ನಿಂತಿತು. ಆ ಕಾಲೇಜಿನದಾಗಲಿ ಹುಡುಗನದಾಗಲಿ ತಪ್ಪಿರಲಿಲ್ಲ. ಅವನ ಬದುಕಿನ ಬಗ್ಗೆ ಅವನಿಲ್ಲದೆಯೇ ತೀರ್ಮಾನಿಸಿದ ನಾವಿಬ್ಬರು ಹಿರಿಯರು ಅದಕ್ಕೆ ಹೊಣೆಗಾರರು. ಆ ಜಗಲಿ ನನಗೆ ಇಂದಿಗೂ ನೆನಪಾಗುತ್ತದೆ.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ ಅದರಲ್ಲಿ ಮೂರು ಹಂತಗಳನ್ನು ಗುರುತಿಸುತ್ತಾರೆ. ಮೊದಲನೆಯದು ಸಮಾಲೋಚನೆ, ಅಂದರೆ ವಿಷಯವನ್ನು ಎಲ್ಲ ಕಡೆಗಳಿಂದ ವಿಚಾರಿಸುವುದು. ಎರಡನೆಯದು ತೀರ್ಪು, ವಿಚಾರಿಸಿದ್ದರಲ್ಲಿ ಯಾವುದು ಸರಿ ಎಂದು ನಿಶ್ಚಯಿಸುವುದು. ಮೂರನೆಯದು ಆಚರಣೆಗೆ ಆಜ್ಞೆ, ನಿಶ್ಚಯಿಸಿದ್ದನ್ನು ತಡಮಾಡದೆ ಕಾರ್ಯಕ್ಕಿಳಿಸುವುದು. ವಿಚಾರಣೆಗೆ ಸಮಯ ಕೊಡದೆ ಕಾರ್ಯಕ್ಕೆ ಧುಮುಕುವ ಆತುರವನ್ನು ಅವರು ಅವಿವೇಕದ ಒಂದು ಬಗೆಯೆಂದೇ ಎಣಿಸುತ್ತಾರೆ. ಸೆಮಿನರಿಯ ತರಗತಿಯಲ್ಲಿ ಕಲಿತ ಈ ಪಾಠ ಕಾಲೇಜು ಹುಡುಕುವ ಕುಟುಂಬಕ್ಕೆ ಎಷ್ಟು ಉಪಯುಕ್ತವೆಂಬುದು ನನಗೆ ತಡವಾಗಿ ಹೊಳೆಯಿತು. ಕಾಲೇಜುಗಳನ್ನು ನೋಡಲು ಹೋಗುವುದು ವಿವೇಕದ ಮೊದಲ ಹಂತ. ನಾವಾದರೋ ಮೂರನೆಯ ಹಂತವನ್ನು ಮನೆಯಲ್ಲೇ ಮುಗಿಸಿ, ನಂತರ ಮೊದಲನೆಯದಕ್ಕೆ ಹೊರಡುತ್ತೇವೆ.

ಹಾಗಾದರೆ ಸಮಾಲೋಚನೆಗೆಂದು ಹೋದವರು ಏನನ್ನು ನೋಡಬೇಕು? ಹೆಬ್ಬಾಗಿಲಿನ ಕಮಾನು, ಸ್ವಾಗತ ಕೋಣೆಯ ಸೋಫಾ, ಗೋಡೆಯ ಮೇಲಿನ ರ‍್ಯಾಂಕ್ ವಿಜೇತರ ಭಾವಚಿತ್ರ ಇವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದವುಗಳನ್ನು ಹುಡುಕಿಕೊಂಡು ಹೋಗಬೇಕು. ತರಗತಿಗಳು ನಡೆಯುವ ದಿನವೇ ಹೋಗುವುದು ಒಳ್ಳೆಯದು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಕೈಯಾರೆ ಕೆಲಸ ಮಾಡುತ್ತಿದ್ದಾರೆಯೇ, ಉಪಕರಣಗಳ ಮೇಲೆ ಧೂಳು ಕುಳಿತಿದೆಯೇ ನೋಡಿರಿ. ಗ್ರಂಥಾಲಯದ ಪುಸ್ತಕಗಳು ಹೊರಗೆ ಹೋಗಿ ಬರುತ್ತವೆಯೋ, ಗಾಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡಿವೆಯೋ ವಿಚಾರಿಸಿರಿ. ಹಾಸ್ಟೆಲ್ಲಿನ ಅಡುಗೆ ಮನೆಯನ್ನೂ ಸ್ನಾನಗೃಹವನ್ನೂ ತಾಯಂದಿರು ಸಂಕೋಚವಿಲ್ಲದೆ ನೋಡಬೇಕು. ಎರಡನೆಯ ವರ್ಷದಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಯೊಡನೆ ನಿಮ್ಮ ಮಗ ಅಥವಾ ಮಗಳು, ನೀವು ಪಕ್ಕದಲ್ಲಿಲ್ಲದಾಗ, ಹತ್ತು ನಿಮಿಷ ಮಾತನಾಡಲಿ. ಪುಸ್ತಿಕೆಯ ನೂರು ಪುಟಗಳಲ್ಲಿ ಸಿಗದ್ದು ಆ ಹತ್ತು ನಿಮಿಷಗಳಲ್ಲಿ ಸಿಗಬಹುದು. ಹಳ್ಳಿಯಿಂದ ಬಂದ ತಂದೆಯೊಡನೆ ಕಚೇರಿಯ ಗುಮಾಸ್ತರು ಯಾವ ದನಿಯಲ್ಲಿ ಮಾತನಾಡುತ್ತಾರೆ ಎಂಬುದನ್ನೂ ಗಮನಿಸಿರಿ. ಮುಂದಿನ ಮೂರು ನಾಲ್ಕು ವರ್ಷ ನಿಮ್ಮ ಮಗು ಕೇಳಬೇಕಾದ ದನಿ ಅದು.

ಕಾಗದಪತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಂಸ್ಥೆಗೂ ಆ ನಿರ್ದಿಷ್ಟ ಕೋರ್ಸಿಗೂ ಮಾನ್ಯತೆ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು. ನರ್ಸಿಂಗ್ ಓದಬಯಸುವ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ, ಅದರಲ್ಲೂ ಮಧ್ಯವರ್ತಿಗಳ ಮಾತು ನಂಬಿ ಹೊರಟವರ ವಿಷಯದಲ್ಲಿ, ಇದು ಬಹಳ ಮುಖ್ಯ. ಶುಲ್ಕದ ಪೂರ್ಣ ವಿವರವನ್ನು, ಮೊದಲ ವರ್ಷದ್ದು ಮಾತ್ರವಲ್ಲದೆ ಎಲ್ಲ ವರ್ಷಗಳದ್ದನ್ನೂ, ಬರಹದಲ್ಲಿ ಪಡೆಯಬೇಕು. ನಿಗದಿತ ಶುಲ್ಕದ ಮೇಲೆ ವಂತಿಗೆ ವಸೂಲಿ ಮಾಡುವುದನ್ನು ಕರ್ನಾಟಕದಲ್ಲಿ 1984ರ ಕಾಯಿದೆ ನಿಷೇಧಿಸಿದೆ. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ತಮ್ಮಲ್ಲಿಯೇ ಇರಿಸಿಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ತಿಳಿಸಿದೆ. ರ‍್ಯಾಗಿಂಗ್ ತಡೆಗೆ 2009ರಿಂದ ನಿಯಮಾವಳಿ ಇದೆ. ಅದನ್ನು ಜಾರಿಗೊಳಿಸುವ ಸಮಿತಿ ಅಲ್ಲಿದೆಯೇ, ದೂರು ಯಾರಿಗೆ ಕೊಡಬೇಕು ಎಂದು ಕೇಳುವುದು ಪೋಷಕರ ಹಕ್ಕು.

ನಮ್ಮ ಹಳ್ಳಿಯ ಕುಟುಂಬಗಳು ತಿಳಿಯದೆ ಕಳೆದುಕೊಳ್ಳುವ ಕೆಲವು ಅವಕಾಶಗಳೂ ಉಂಟು. 1994ರಿಂದ ನಡೆದುಬಂದಿರುವ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಹಂಚುವ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟು ಮೀಸಲಾತಿ ಇದೆ. ಶಾಲೆಯಿಂದ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಸಕಾಲದಲ್ಲಿ ತರದೆ ಈ ಸೌಲಭ್ಯವನ್ನು ಕಳೆದುಕೊಳ್ಳುವುದು ದುಃಖದ ಸಂಗತಿ. ಹೊಲವನ್ನು ಅಡವಿಡುವ ಮೊದಲು ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯನ್ನೂ ವಿದ್ಯಾರ್ಥಿವೇತನಗಳನ್ನೂ ವಿಚಾರಿಸಬೇಕು. ಇನ್ನು ಸೀಟು ಹಂಚಿಕೆಗಾಗಿ ಕಾಲೇಜುಗಳ ಆದ್ಯತಾ ಪಟ್ಟಿಯನ್ನು ದಾಖಲಿಸುವ ಕ್ರಮವಿದೆ. ರ‍್ಯಾಂಕಿಗೆ ದಕ್ಕುವವುಗಳಲ್ಲಿ ಪಟ್ಟಿಯ ಮೇಲ್ತುದಿಗೆ ಹತ್ತಿರವಿರುವುದೇ ಕೈಗೆ ಬರುತ್ತದೆ. ಆದುದರಿಂದ ಯಾವುದನ್ನು ಮೊದಲು ಬರೆಯುತ್ತೇವೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಆ ಪಟ್ಟಿಯನ್ನು ಪಕ್ಕದ ಅಂಗಡಿಯ ಕಂಪ್ಯೂಟರಿನವರಾಗಲಿ, ಓದಿದ ಮಾವನಾಗಲಿ ತುಂಬಬಾರದು. ಓದಬೇಕಾದವರು ಪಕ್ಕದಲ್ಲಿ ಕುಳಿತು, ಒಂದೊಂದು ಹೆಸರಿಗೂ ಕಾರಣ ಹೇಳಿ ತುಂಬಿಸಬೇಕು.

ಎರಡನೆಯ ಹಂತವಾದ ತೀರ್ಪಿನ ವಿಷಯಕ್ಕೆ ಬರೋಣ. ತೀರ್ಪು ಕೊಡಬೇಕಾದವರು ಯಾರು? ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಸ್ಪಷ್ಟಪಡಿಸಿದೆ. ಈ ಮಾತನ್ನು ನಾವು ಆಗಾಗ ಕೇಳಿದ್ದೇವೆ. ಅದರ ಜೊತೆಯಲ್ಲಿಟ್ಟು ಓದಬೇಕಾದ ಇನ್ನೊಂದು ಬೋಧನೆಯನ್ನು ಮಾತ್ರ ಅಷ್ಟಾಗಿ ಕೇಳಿಲ್ಲ. ಪ್ರಾಯಕ್ಕೆ ಬಂದ ಮಕ್ಕಳಿಗೆ ತಮ್ಮ ವೃತ್ತಿಯನ್ನೂ ಜೀವನಾವಸ್ಥೆಯನ್ನೂ ಆರಿಸಿಕೊಳ್ಳುವ ಹಕ್ಕೂ ಕರ್ತವ್ಯವೂ ಇವೆ. ತಂದೆತಾಯಿಯರ ಸಲಹೆಯನ್ನು ಅವರು ವಿನಯದಿಂದ ಕೇಳಬೇಕು. ತಂದೆತಾಯಿಗಳಾದರೋ ಬಲವಂತ ಮಾಡದಿರಲು ಎಚ್ಚರ ವಹಿಸಬೇಕು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2230ನೆಯ ಪರಿಚ್ಛೇದದ ಸಾರ ಇದು. ಸಲಹೆ ಹಿರಿಯರದು, ತೀರ್ಪು ಬಹುಮಟ್ಟಿಗೆ ಮಕ್ಕಳದು. ಹಣದ ಮಿತಿಯನ್ನು ಹೇಳುವುದು ತಂದೆತಾಯಿಯರ ಕರ್ತವ್ಯ, ಅದನ್ನು ಮುಚ್ಚಿಡಬಾರದು. ಆದರೆ ಹಣ ಕೊಡುತ್ತೇನೆಂಬ ಕಾರಣಕ್ಕೆ ಮಗುವಿನ ಮನಸ್ಸನ್ನೂ ಕೊಂಡುಕೊಂಡೆನೆಂದು ಭಾವಿಸುವುದು ತಪ್ಪು.

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಘಟನೆ ನಮಗೆಲ್ಲ ಪರಿಚಿತ. ಹನ್ನೆರಡು ವರ್ಷದ ಯೇಸುವನ್ನು ಕರೆದುಕೊಂಡು ಮರಿಯಮ್ಮನವರೂ ಜೋಸೆಫರೂ ಜೆರುಸಲೇಮಿಗೆ ಹೋಗುತ್ತಾರೆ. ಹಿಂದಿರುಗುವಾಗ ಮಗ ಜೊತೆಯಲ್ಲಿಲ್ಲವೆಂದು ತಿಳಿದು ಹುಡುಕುತ್ತಾರೆ. ಮೂರು ದಿನಗಳ ನಂತರ ಅವರು ಕಂಡದ್ದು ಬೋಧಕರ ನಡುವೆ ಕುಳಿತು, ಅವರ ಮಾತುಗಳನ್ನು ಆಲಿಸುತ್ತ, ಪ್ರಶ್ನೆಗಳನ್ನು ಕೇಳುತ್ತಿದ್ದ ಬಾಲಕನನ್ನು. ವಿದ್ಯೆಯ ಮನೆಯಲ್ಲಿ ಮಗುವಿಗೆ ಸಲ್ಲಬೇಕಾದ ಸ್ಥಾನ ಅದು: ಆಲಿಸುವ ಹಾಗೂ ಪ್ರಶ್ನಿಸುವ ಸ್ಥಾನ. ಅವನ ಉತ್ತರ ಆ ತಂದೆತಾಯಿಯರಿಗೆ ಆಗ ಅರ್ಥವಾಗಲಿಲ್ಲವೆಂದು ಶುಭಸಂದೇಶಕಾರರು ಮರೆಮಾಚದೆ ಹೇಳುತ್ತಾರೆ. ಅರ್ಥವಾಗದಿದ್ದರೂ ತಾಯಿ ಅದನ್ನು ತನ್ನ ಹೃದಯದಲ್ಲಿಟ್ಟುಕೊಂಡಳು. ಮಗನು ಅವರೊಡನೆ ನಜರೇತಿಗೆ ಹೋಗಿ ಅವರಿಗೆ ವಿಧೇಯನಾಗಿದ್ದನು. ಪ್ರಶ್ನಿಸುವ ಮಗು ಅವಿಧೇಯ ಮಗುವೆಂದು ತಿಳಿಯುವ ನಾವು ಈ ಪುಟವನ್ನು ಮತ್ತೊಮ್ಮೆ ಓದಬೇಕು.

“ಫಾದರ್, ಇದೆಲ್ಲ ಹೇಳಲು ಚೆನ್ನ, ಹೊಟ್ಟೆಗೇನು?” ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆ ಹುಡುಗಿಯ ತಂದೆಯೂ ಕೇಳಿದರು. ಆಕೆಗೆ ಗಣಿತದಲ್ಲಿ ಬಿಎಸ್ಸಿ ಮಾಡಿ, ಮುಂದೆ ಬಿಎಡ್ ಓದಿ, ಹೈಸ್ಕೂಲಿನಲ್ಲಿ ಪಾಠ ಹೇಳಬೇಕೆಂಬ ಆಸೆ. “ಮೇಷ್ಟ್ರ ಕೆಲಸ ಎಲ್ಲಿ ಖಾಲಿ ಐತಿ ಫಾದರ್?” ಎಂಬುದು ತಂದೆಯ ಪ್ರಶ್ನೆ. ದುಡಿಮೆಯನ್ನು ಕಡೆಗಣಿಸುವ ಶಿಕ್ಷಣವನ್ನು ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವಿನ ಅನುಯಾಯಿಗಳು ಒಪ್ಪಲಾರರು. ಆದರೆ ಈ ದಿನದ ಮಾರುಕಟ್ಟೆಯನ್ನು ನೋಡಿ ಮುಂದಿನ ನಲವತ್ತು ವರ್ಷಗಳನ್ನು ಆರಿಸುವುದರ ಅಪಾಯವನ್ನು ಹರಿಹರ, ದಾವಣಗೆರೆಗಳ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಬದುಕು ನೆಲೆಗೊಂಡಿತೆಂದು ಒಂದು ತಲೆಮಾರು ನಂಬಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಬಾಗಿಲು ಮುಚ್ಚಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿಯ ಗಿರಣಿಗಳೂ ಒಂದೊಂದಾಗಿ ಮೌನವಾದವು. ಇಂದು ಕಂಪ್ಯೂಟರ್ ವಿಜ್ಞಾನದ ವಿಷಯದಲ್ಲಿ ಇರುವ ಭರವಸೆ ಅಂದು ಲೇತ್ ಯಂತ್ರದ ಮೇಲೆಯೂ ಮಗ್ಗದ ಮೇಲೆಯೂ ಇತ್ತು.

ಕಾರ್ಖಾನೆ ಮುಚ್ಚಿದ ಮೇಲೆ ಎದ್ದು ನಿಂತವರು ಯಾರೆಂದು ಹಿಂದಿರುಗಿ ನೋಡಿದರೆ, ಹೊಸದನ್ನು ಕಲಿಯಬಲ್ಲವರು, ನಾಲ್ಕು ಜನರೊಡನೆ ಹೊಂದಿಕೊಂಡು ಬಾಳಬಲ್ಲವರು ಎಂಬುದು ಕಾಣುತ್ತದೆ. ಇದನ್ನೇ ಜಾನ್ ಹೆನ್ರಿ ನ್ಯೂಮನ್ನರು 1852ರಲ್ಲಿ ಡಬ್ಲಿನ್ ನಗರದಲ್ಲಿ ವಿಶ್ವವಿದ್ಯಾಲಯದ ಧ್ಯೇಯವನ್ನು ಕುರಿತು ನೀಡಿದ ಉಪನ್ಯಾಸಗಳಲ್ಲಿ ವಾದಿಸಿದ್ದರು: ಉನ್ನತ ಶಿಕ್ಷಣವು ಒಂದು ಕಸುಬಿಗೆ ಮಾತ್ರ ತಯಾರು ಮಾಡದೆ, ಯಾವ ಕಸುಬಿನಲ್ಲಿಯೂ ನೆರವಾಗುವ ಮನಸ್ಸನ್ನು ಹದಗೊಳಿಸಬೇಕೆಂದು. 2019ರಲ್ಲಿ ಸಂತರೆಂದು ಘೋಷಿಸಲ್ಪಟ್ಟ ಅವರನ್ನು ಜಗದ್ಗುರು ಹದಿನಾಲ್ಕನೆಯ ಲಿಯೋರವರು 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಶಿಕ್ಷಣವನ್ನು ಸೀಟು, ಪ್ಯಾಕೇಜು ಎಂಬ ಎರಡೇ ಪದಗಳಲ್ಲಿ ಅಳೆಯುವ ಕಾಲಕ್ಕೆ ಧರ್ಮಸಭೆ ಕೊಟ್ಟ ಉತ್ತರ ಇದೆಂದು ನಾನು ಭಾವಿಸುತ್ತೇನೆ. ಇಂಜಿನಿಯರಿಂಗ್ ಓದಬಾರದೆಂದು ಇದರ ಅರ್ಥವಲ್ಲ. ಯಂತ್ರಗಳನ್ನು ಪ್ರೀತಿಸುವ ಮಗು ಇಂಜಿನಿಯರಿಂಗನ್ನೇ ಓದಲಿ. ಗಣಿತವನ್ನು ಪ್ರೀತಿಸುವವಳು ಸಾಲದ ಭಾರ ಹೊತ್ತು, ಪ್ರೀತಿಯಿಲ್ಲದ್ದನ್ನು ನಾಲ್ಕು ವರ್ಷ ಓದುವುದು ಯಾರಿಗೂ ಲಾಭವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ಕಾರ್ಮೆಲ್ ಧರ್ಮಭಗಿನಿಯರು 1921ರಲ್ಲಿ ಆರಂಭಿಸಿದಾಗ, ಹೆಣ್ಣುಮಕ್ಕಳಿಗೆ ಕಾಲೇಜು ಏಕೆಂದು ಕೇಳುವವರೇ ಹೆಚ್ಚಾಗಿದ್ದ ಕಾಲ ಅದು. ಒಂದು ಶತಮಾನ ಕಳೆದರೂ ಮಗನಿಗೆ ದೂರದ ಕಾಲೇಜು, ಮಗಳಿಗೆ ಹತ್ತಿರದ್ದು. ಮಗನಿಗೆ ಶುಲ್ಕ, ಮಗಳಿಗೆ ಒಡವೆ ಎಂಬ ಲೆಕ್ಕಾಚಾರ ನಮ್ಮ ಮನೆಗಳಿಂದ ಪೂರ್ತಿಯಾಗಿ ಹೋಗಿಲ್ಲ. ಮಗಳ ಸುರಕ್ಷತೆಯ ಚಿಂತೆ ಸಹಜ. ಅದಕ್ಕಾಗಿಯೇ ಹಾಸ್ಟೆಲ್ಲನ್ನು ನೋಡಬೇಕು, ದಾರಿಯನ್ನು ವಿಚಾರಿಸಬೇಕು. ಆದರೆ ಮಗನೊಡನೆ ಐದು ಕಾಲೇಜುಗಳನ್ನು ನೋಡಿ ಬಂದವರು ಮಗಳಿಗೆ ಒಂದೇ ಕಾಲೇಜಿನ ಅರ್ಜಿ ತಂದುಕೊಟ್ಟರೆ, ಆ ಭೇದ ಅವಳಿಗೆ ತಿಳಿಯದೆ ಇರುವುದಿಲ್ಲ.

ಧರ್ಮಕೇಂದ್ರಕ್ಕೂ ಇಲ್ಲಿ ಹೊಣೆಯಿದೆ. ಫಲಿತಾಂಶ ಬಂದ ಮೇಲೆ ಪತ್ರ ಕೊಡುವುದಕ್ಕಷ್ಟೇ ಗುರುಮನೆ ಸೀಮಿತವಾಗಬಾರದು. ಪರೀಕ್ಷೆಗೆ ಮುಂಚೆಯೇ, ಒಂದು ಭಾನುವಾರ, ಈಗಾಗಲೇ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಯುವಕ ಯುವತಿಯರನ್ನು ಕರೆಸಿ ಕಿರಿಯರೊಡನೆ ಮಾತನಾಡಿಸಬಹುದು. ಪ್ರಮಾಣಪತ್ರಗಳನ್ನೂ ಕೊನೆಯ ದಿನಾಂಕಗಳನ್ನೂ ಬಲ್ಲ ಶಿಕ್ಷಕರು, ನಿವೃತ್ತ ನೌಕರರು ನಮ್ಮಲ್ಲಿಯೇ ಇದ್ದಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಗುವಿನ ಕುಟುಂಬಕ್ಕೆ ಅವರಲ್ಲಿ ಒಬ್ಬರು ಜೊತೆಯಾಗಿ ಹೋಗಬಹುದು. ನಮ್ಮ ಕಥೋಲಿಕ ವಿದ್ಯಾಸಂಸ್ಥೆಗಳನ್ನು ನಡೆಸುವ ಗುರುಗಳಲ್ಲಿಯೂ ಧರ್ಮಭಗಿನಿಯರಲ್ಲಿಯೂ ಒಂದು ವಿನಮ್ರ ಬಿನ್ನಹ: ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. ಕೆಸರಿನ ಚಪ್ಪಲಿಯನ್ನು ಹೊರಗೆ ಬಿಟ್ಟು ಸಂಕೋಚದಿಂದ ಒಳಗೆ ಬರುವ ರೈತನಿಗೆ ಕುರ್ಚಿ ತೋರಿಸಿ, ಅವನ ಮಗಳನ್ನು ‘ನಿನಗೇನು ಇಷ್ಟವಮ್ಮಾ’ ಎಂದು ಕೇಳುವಲ್ಲಿ ಆ ಹಕ್ಕು ಸಾರ್ಥಕವಾಗುತ್ತದೆ.

ನನ್ನ ಮಟ್ಟಿಗೆ ನಾನು ಒಂದು ನಿಯಮವನ್ನು ಹಾಕಿಕೊಂಡಿದ್ದೇನೆ. ಪತ್ರ ಕೇಳಿ ಬಂದ ಕುಟುಂಬದ ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡದೆ ಶಿಫಾರಸು ಬರೆಯುವುದಿಲ್ಲ. ಭಾನುವಳ್ಳಿಯ ಕಡೆಯ ಆ ಕುಟುಂಬಕ್ಕೂ ಅಂದು ಪತ್ರ ಕೊಡಲಿಲ್ಲ. ಇನ್ನೊಮ್ಮೆ ಹೋಗಿ ಬನ್ನಿ, ಈ ಬಾರಿ ಆಕೆ ಮುಂದೆ ನಡೆಯಲಿ, ನೀವು ಹಿಂದೆ ನಡೆಯಿರಿ ಎಂದು ಕೇಳಿಕೊಂಡೆ. ತಂದೆಗೆ ಸ್ವಲ್ಪ ಬೇಸರವಾಯಿತೆಂದು ತೋರಿತು. ಆದರೂ ಹೋಗಿ ಬಂದರು. ಆಕೆ ಗಣಿತ ವಿಭಾಗದ ಅಧ್ಯಾಪಕರೊಬ್ಬರನ್ನು ಕಂಡು, ಬಿಎಸ್ಸಿಯ ನಂತರದ ದಾರಿಗಳನ್ನು ಒಂದೊಂದಾಗಿ ಕೇಳಿ, ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು. “ಇಷ್ಟೊಂದು ಮಾತಾಡ್ತಾಳೆ ಅಂತ ನಮಗೇ ಗೊತ್ತಿರ್ಲಿಲ್ಲ ಫಾದರ್” ಎಂದು ತಾಯಿ ನಕ್ಕರು.

ಆಕೆ ಈಗ ದಾವಣಗೆರೆಯಲ್ಲಿ ಬಿಎಸ್ಸಿಗೆ ಸೇರಿದ್ದಾಳೆ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೊಲ ಅಡಕ್ಕೆ ಬಿದ್ದಿಲ್ಲ. ತಂದೆಯ ಸಂಶಯ ಪೂರ್ತಿಯಾಗಿ ತೀರಿಲ್ಲ. ಕೆಲಸದ ಪ್ರಶ್ನೆಗೆ ನನ್ನಲ್ಲಿಯೂ ಖಚಿತವಾದ ಉತ್ತರವಿಲ್ಲ. ಆಕೆಯ ಆಯ್ಕೆ ಸರಿಯೋ ತಪ್ಪೋ ಎಂದು ಇಂದೇ ಹೇಳಬಲ್ಲವರೂ ಯಾರೂ ಇಲ್ಲ. ವಿವೇಕದ ಮೂರನೆಯ ಹಂತ ಇಲ್ಲಿಯೇ ಇದೆ: ವಿಚಾರಿಸಿ ನಿಶ್ಚಯಿಸಿದ ಮೇಲೆ ಹೆಜ್ಜೆ ಇಡುವುದು, ಇಟ್ಟ ಮೇಲೆ ದಿನಬೆಳಗಾದರೆ ಹಿಂದಿನದನ್ನು ಕೆದಕಿ ಮಗುವನ್ನು ಚುಚ್ಚದಿರುವುದು. ಮೊದಲ ಸೆಮಿಸ್ಟರಿನಲ್ಲಿ ಅಂಕ ಕಡಿಮೆಯಾದಾಗ “ನಾನಾಗಲೇ ಹೇಳಿದ್ದೆ” ಎನ್ನುವ ಮಾತನ್ನು ತಂದೆತಾಯಿಯರು ನಾಲಿಗೆಯ ತುದಿಯಲ್ಲಿಯೇ ತಡೆಯಬೇಕು. ಆ ಒಂದು ಮಾತು ತಡೆದರೆ ಮಗು ಸೋತಾಗಲೂ ಮನೆಗೆ ಬರುತ್ತದೆ. ಅಂದು ಆ ಹುಡುಗನ ಮನೆಯಲ್ಲಿ ಇಲ್ಲವಾದದ್ದು ಅದೇ.

ಮುಂದಿನ ದಿನಗಳಲ್ಲಿ ಕಾಲೇಜುಗಳನ್ನು ನೋಡಲು ಹೊರಡುವ ಕುಟುಂಬಗಳು ಹೊರಡುವ ಹಿಂದಿನ ರಾತ್ರಿ ಒಟ್ಟಿಗೆ ಕುಳಿತು ಜಪಸರ ಪ್ರಾರ್ಥನೆ ಮಾಡಲಿ; ಪ್ರಾರ್ಥನೆ ಮುಗಿದ ಮೇಲೆ ತಂದೆತಾಯಿಗಳು ಸುಮ್ಮನಿದ್ದು, ಮಗು ಮಾತನಾಡುವವರೆಗೆ ಕಾಯಲಿ. ಮಗನ ಮಾತು ಅರ್ಥವಾಗದಿದ್ದರೂ ಅದನ್ನು ಹೃದಯದಲ್ಲಿಟ್ಟುಕೊಂಡ ಆ ತಾಯಿ, ಹರಿಹರದಲ್ಲಿ ನಾವು ಆರೋಗ್ಯಮಾತೆಯೆಂದು ಕರೆದು ಮೊರೆಯಿಡುವ ಮರಿಯಮ್ಮನವರು, ನಮ್ಮ ಮನೆಗಳಿಗೆ ಆಲಿಸುವ ಕಿವಿಯನ್ನು ಬೇಡಿ ಕೊಡಲಿ.